ಆಲೂಗಡ್ಡೆ ಚೀಲದ ಮೇಲೆ ಕಂಪ್ಯೂಟರ್

ನಮ್ಮ ಮನೆಯಲ್ಲಿ ಹೊಸ ವಸ್ತುವಿನ ಮೈಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ಯಾರೂ ಕೀಳುವುದಿಲ್ಲ. ಇದು ನಮ್ಮವರು ಮಾಡಿದ ಕಾನೂನು, ಮದುವೆಯಾದಂದಿನಿಂದ ಜಾರಿಯಲ್ಲಿದೆ. ಫ್ರಿಜ್ಜಿನ ಬಾಗಿಲ ಮೇಲೆ ಅದು ಅಂಗಡಿಯಿಂದ ಬಂದಾಗ ಇದ್ದ ನೀಲಿ ಹಾಳೆ ಹನ್ನೊಂದು ವರ್ಷದಿಂದ ಹಾಗೇ ಇದೆ. ಗೋಡೆ ಗಡಿಯಾರದ ಹಾಳೆ ಸುಕ್ಕುಗಟ್ಟಿ, ನಾಲ್ಕರಿಂದ ಐದರವರೆಗಿನ ಹೊತ್ತು ಯಾರಿಗೂ ಕಾಣಿಸುವುದಿಲ್ಲ. ಆ ಒಂದು ಗಂಟೆಯನ್ನು ನಾವು ಅಂದಾಜಿನ ಮೇಲೆ ಕಳೆಯುತ್ತೇವೆ. ಬೇಸಿಗೆಯಲ್ಲಿ ಸೋಫಾದ ಮೇಲೆ ಕೂತ ನೆಂಟರು ಏಳುವಾಗ ಒಂದು ಸದ್ದು ಬರುತ್ತದೆ. ಅವರು ನಾಚಿಕೊಂಡರೆ ನಮ್ಮವರು, ಅದು ಸೋಫಾದ್ದು, ನಿಮ್ಮದಲ್ಲ ಎಂದು ಸಮಾಧಾನ ಹೇಳುತ್ತಾರೆ.

ನಮ್ಮವರು ನಾಲ್ಕು ಜನ ಅಣ್ಣಂದಿರ ಬೆನ್ನಿಗೆ ಹುಟ್ಟಿದವರು. ಅಂಗಿ, ಚಪ್ಪಲಿ, ಪಠ್ಯಪುಸ್ತಕ, ಕೊಡೆ, ಎಲ್ಲವೂ ನಾಲ್ಕು ಕೈ ದಾಟಿಯೇ ಅವರ ಕೈಗೆ ಬಂದದ್ದು. ಹೊಸದೊಂದು ಹೊಸದಾಗಿಯೇ ಉಳಿಯಲಿ ಎಂಬ ಅವರ ಆಸೆಗೆ ನಾನು ಯಾವತ್ತೂ ತಕರಾರು ತೆಗೆದವಳಲ್ಲ. ಈ ಹಾಳೆಯ ವಿಷಯವನ್ನು ಮೊದಲೇ ಹೇಳಿಬಿಡುತ್ತಿದ್ದೇನೆ, ಯಾಕೆಂದರೆ ಮುಂದೆ ನಡೆದದ್ದಕ್ಕೆಲ್ಲ ಅದೇ ಕಾರಣ. ಗುಟ್ಟನ್ನು ಸೆರಗಿನಲ್ಲಿ ಕಟ್ಟಿಕೊಂಡು ಕೊನೆಯವರೆಗೆ ಸಾಗಿಸುವ ಧೈರ್ಯ ನನಗಿಲ್ಲ.

ನಮ್ಮ ಮಗಳು ಕಟ್ಟಡ ವಿನ್ಯಾಸ ಓದುತ್ತಿದ್ದಾಳೆ, ಕೊನೆಯ ವರ್ಷ. ಪರೀಕ್ಷೆಗೆ ಅವಳೊಂದು ಕಟ್ಟಡವನ್ನು ಕಲ್ಪಿಸಿ, ಅದರೊಳಗೆ ನಡೆದಾಡಿದಂತೆ ತೋರಿಸುವ ಮೂರು ನಿಮಿಷದ ಚಿತ್ರ ಕೊಡಬೇಕಿತ್ತು. ಶುಕ್ರವಾರ ಬೆಳಿಗ್ಗೆ ಕೊನೆಯ ಗಡುವು. ಚಿತ್ರವನ್ನು ಕಂಪ್ಯೂಟರು ತಾನೇ ಒಂದೊಂದಾಗಿ ಬಿಡಿಸಿ ಜೋಡಿಸಲು ಐದು ಗಂಟೆ ಬೇಕು. ನಮ್ಮ ಮನೆಯದು ಅವಳು ಎಂಟನೇ ತರಗತಿಯಲ್ಲಿದ್ದಾಗ ಕೊಂಡದ್ದು. ಹದಿನೈದು ನಿಮಿಷ ದುಡಿದರೆ ಮೈ ಕಾದು, ಒಂದು ಮಾತೂ ಹೇಳದೆ ಆರಿಹೋಗುತ್ತಿತ್ತು. ಒಳಗೆ ಅಂಚೆ ಚೀಟಿಯಷ್ಟಗಲದ ಒಂದು ಚಿಪ್ಪಿದೆಯಂತೆ, ಪ್ರೊಸೆಸರ್, ಯೋಚನೆಯೆಲ್ಲ ಅದರದ್ದೇ. ಅದರ ತಲೆಯ ಮೇಲೆ ಕೂತು ಬಿಸಿ ಇಳಿಸುವ ಫ್ಯಾನು ಮುದಿಯಾಗಿತ್ತು. ಕಾಲೇಜಿನ ಕಂಪ್ಯೂಟರುಗಳಿಗೆ ಸರದಿ ಹಚ್ಚಿದ್ದರು. ಇವಳ ಸರದಿ ಬರುವುದು ಗಡುವು ಮುಗಿದ ಮೂರನೇ ದಿನ.

ಅವಳು ಕಲ್ಪಿಸಿದ ಕಟ್ಟಡವೂ ಹೇಳಬೇಕಾದದ್ದೇ. ಕೋಲ್ಡ್ ಸ್ಟೋರೇಜಿನಲ್ಲಿ ಚೀಲ ಹೊರುವವರಿಗೆ ಒಂದು ವಿಶ್ರಾಂತಿ ಮನೆ. ನಮ್ಮವರು ಅಂಥದೇ ಜಾಗದಲ್ಲಿ ಇಪ್ಪತ್ತೆರಡು ವರ್ಷದಿಂದ ಮೇಲ್ವಿಚಾರಕರು. ಹಮಾಲರು ಅವರನ್ನು ಥಂಡಿ ಸಾಹೇಬರೆಂದೇ ಕರೆಯುತ್ತಾರೆ. ಮಗಳು ಮೊದಲ ನಕ್ಷೆಯನ್ನು ಹೆಮ್ಮೆಯಿಂದ ತಂದು ಅಪ್ಪನ ಮುಂದೆ ಹರಡಿದಾಗ, ಅವರು ಕೆಂಪು ಪೆನ್ನು ತೆಗೆದು ಹದಿನಾಲ್ಕು ತಪ್ಪು ಗುರುತು ಹಾಕಿದರು. ಅವಳು ನಕ್ಷೆ ಸುತ್ತಿಕೊಂಡು ಒಳಗೆ ಹೋದಳು. ಆಮೇಲೆ ಏನನ್ನೂ ತೋರಿಸಲಿಲ್ಲ. ಕೋಣೆಯ ಬಾಗಿಲು ತೆರೆದೇ ಇರುತ್ತಿತ್ತು, ಆದರೆ ಇವರು ಒಳಗೆ ಕಾಲಿಟ್ಟರೆ ಪರದೆಯ ಮೇಲೆ ಬೇರೇನೋ ಕಾಣುತ್ತಿತ್ತು. ನಾನಿದನ್ನು ಗಮನಿಸಿದ್ದೆ. ಗಮನಿಸುವುದೇ ನನ್ನ ಕೆಲಸ. ಗಮನಿಸಿ ಏನೂ ಮಾಡದಿರುವುದು ನನ್ನ ಸ್ವಭಾವ.

ಹೀಗಿರುವಾಗ, ರಿಪೇರಿ ಅಂಗಡಿಗೆ ಕೊಟ್ಟುಬರುತ್ತೇನೆ ಎಂದು ಅವಳು ಹೊರಟಳು. ಇವರು ಪತ್ರಿಕೆ ಮಡಿಸಿ ಎದ್ದು ನಿಂತರು.

"ತಣ್ಣಗೆ ಮಾಡೋ ಕೆಲಸಕ್ಕೆ ನಾನು ಇನ್ನೊಬ್ಬರ ಅಂಗಡಿ ಮೆಟ್ಟಿಲು ಹತ್ತಬೇಕಾ? ಎಂಬತ್ತು ಸಾವಿರ ಚೀಲ ಆಲೂಗಡ್ಡೆ ತಣ್ಣಗಿಟ್ಟಿದ್ದೀನಿ. ಇದೊಂದು ಬಿಸ್ಕತ್ತಿನಷ್ಟಗಲದ್ದು."

ಮಗಳು ನನ್ನ ಮುಖ ನೋಡಿದಳು. ನಾನು ಗಡಿಯಾರ ನೋಡಿದೆ. ನಾಲ್ಕು-ಐದರ ನಡುವಿನ ಹೊತ್ತು, ಏನೂ ಕಾಣಲಿಲ್ಲ.

ಅಂಗಡಿಗೆ ನಾನೂ ಹೋಗಿದ್ದೆ, ಕೈಚೀಲದ ಬಾಯಿ ಹಿಡಿದುಕೊಳ್ಳುವುದಕ್ಕೆ. ಅಂಗಡಿಯವನು ಮೊದಲು ಬಣ್ಣಬಣ್ಣದ ದೀಪವಿರುವ, ನೀರು ಹರಿಯುವ ಕೂಲರೊಂದನ್ನು ತೋರಿಸಿದ. ಅದರ ಬೆಲೆ ಕೇಳಿ ನಮ್ಮವರು ನೀರನ್ನೂ ವಿದ್ಯುತ್ತನ್ನೂ ಒಂದೇ ಮನೆಯಲ್ಲಿ ಇಡಬಾರದೆಂಬ ಸಿದ್ಧಾಂತ ಮಂಡಿಸಿದರು. ಎರಡನೆಯದು ಗೋಪುರದಂತಿತ್ತು, ಅದರ ಬೆಲೆ ಕೇಳಿ, ಎತ್ತರವಾದದ್ದಕ್ಕೆ ಗಾಳಿ ಹೆಚ್ಚು ಬಡಿಯುತ್ತದೆ ಎಂದರು. ಕೊನೆಗೆ ಒಂದೇ ಫ್ಯಾನಿನ, ನಾಲ್ಕು ತಾಮ್ರದ ಕೊಳವೆಯ ಚಿಕ್ಕದೊಂದು ನಮ್ಮ ಜೇಬಿಗೂ ಅವರ ಸಿದ್ಧಾಂತಕ್ಕೂ ಒಟ್ಟಿಗೆ ಹೊಂದಿತು. ಬಿಸಿಗೆ ಹೊರಗೆ ಹೋಗಲು ದಾರಿ ಮಾಡಿಕೊಡಬೇಕು, ಅಷ್ಟೇ ಶಾಸ್ತ್ರ ಎಂದು ಅಂಗಡಿಯವನಿಗೆ ಕಾಲು ಗಂಟೆ ತಿಳಿಹೇಳಿದರು. ಅವನು ಪಾಪ, ನಾನೇ ಕೂರಿಸಿಕೊಡಲೇ ಎಂದು ಕೇಳಿದ. ಇವರು ನಕ್ಕು ಅವನ ಭುಜ ತಟ್ಟಿದರು. ಆ ನಗುವಿನ ಬೆಲೆ ನಮಗೆ ಮೂರು ದಿನ.

ಭಾನುವಾರ ಬೆಳಿಗ್ಗೆ ಊಟದ ಮೇಜಿನ ಮೇಲೆ ಶಸ್ತ್ರಚಿಕಿತ್ಸೆ ನಡೆಯಿತು. ಗಡುವಿನ ವಾರವಾದ್ದರಿಂದ ಮಗಳು ರಜೆಯ ದಿನವೂ ಕಾಲೇಜಿಗೆ ಹೋಗಿದ್ದಳು. ನಾನು ಶಾಲೆಯ ಗ್ರಂಥಾಲಯದಲ್ಲಿ ಕೆಲಸ ಮಾಡುವವಳು, ಅಕ್ಷರ ಕಂಡರೆ ಓದದೆ ಬಿಡುವವಳಲ್ಲ. ಹೊಸ ಕೂಲರಿನ ಬುಡದಲ್ಲಿ ತೆಳ್ಳನೆಯ ಪಾರದರ್ಶಕ ಹಾಳೆಯಿತ್ತು. ಅದರ ಮೇಲೆ ಕೆಂಪಕ್ಷರದಲ್ಲಿ, ಕೂರಿಸುವ ಮುಂಚೆ ಇದನ್ನು ತೆಗೆಯಿರಿ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ನಾನು ಓದಿದೆ. ಜೋರಾಗಿಯೇ ಓದಿದೆ. ಇವರು, ಎಲ್ಲದರ ಮೇಲೂ ಹಾಗೇ ಬರೆದಿರ್ತಾರೆ, ಇರ್ಲಿ ಬಿಡು, ಹೊಸದು ಅಂದರು. ನನಗೂ ಅದು ಸರಿಯೆನಿಸಿತು. ಆ ಸೂಚನೆಯನ್ನು ನಮ್ಮ ಮನೆಯಲ್ಲಿ ನೂರು ಸಲ ಓದಿದ್ದೇವೆ, ಪಾಲಿಸಿದ್ದು ಒಂದು ಸಲವೂ ಇಲ್ಲ, ಮನೆಗೆ ಏನೂ ಆಗಿಲ್ಲ. ಹೀಗೆ ಎರಡು ಲೋಹಗಳ ನಡುವೆ ಬಿಸಿ ಸಲೀಸಾಗಿ ದಾಟಲೆಂದು ಕೊಟ್ಟಿದ್ದ ಬೂದು ಬಣ್ಣದ ಪೇಸ್ಟನ್ನು, ದಾಟಗೊಡದ ಪ್ಲಾಸ್ಟಿಕ್ಕಿನ ಮೇಲೆ ಅವರು ಬಲು ನಾಜೂಕಾಗಿ ಸವರಿ, ನಾಲ್ಕು ಸ್ಕ್ರೂ ಬಿಗಿದರು.

ಮೊದಲು ಹದಿನೈದು ನಿಮಿಷಕ್ಕೆ ಆರುತ್ತಿದ್ದದ್ದು ಈಗ ನಾಲ್ಕು ನಿಮಿಷಕ್ಕೆ ಆರತೊಡಗಿತು.

ಇಲ್ಲಿ ಬೇರೆ ಯಾರಾದರೂ ಕೂಲರನ್ನು ಅನುಮಾನಿಸುತ್ತಿದ್ದರು. ನಮ್ಮವರು ಕೋಣೆಯನ್ನು ಅನುಮಾನಿಸಿದರು. ಕೆಲಸದ ಕಡೆ ಇಡುವಂಥದೇ ಒಂದು ಪುಸ್ತಕಕ್ಕೆ ಗೆರೆ ಎಳೆದು, ಅರ್ಧ ಗಂಟೆಗೊಮ್ಮೆ ತಾಪಮಾನ ಬರೆಯತೊಡಗಿದರು. ಕಂಪ್ಯೂಟರಿನ ಡಬ್ಬದ ಪಕ್ಕದ ಮುಚ್ಚಳ ತೆಗೆದರು. ಟೇಬಲ್ ಫ್ಯಾನು ಹಚ್ಚಿದರು. ಕಿಟಕಿಗೆ ಒದ್ದೆ ಬಟ್ಟೆ ಕಟ್ಟಿದರು. ಸೋಮವಾರ ಕಂಪ್ಯೂಟರನ್ನೇ ಬಚ್ಚಲ ಮನೆಗೆ ಸಾಗಿಸಿದರು, ಅಲ್ಲಿನ ಕಲ್ಲು ನೆಲ ತಂಪು ಎಂದು. ಆ ದಿನ ನಾವು ಮೂವರೂ ಕಂಪ್ಯೂಟರಿನ ಅಪ್ಪಣೆ ಪಡೆದು ಸ್ನಾನ ಮಾಡಿದೆವು.

ಸುದ್ದಿ ಓಣಿಗೆ ಮುಟ್ಟಿತು. ಎದುರು ಮನೆಯ ನಿವೃತ್ತ ಮೀಟರ್ ರೀಡರು ಬಂದು, ತಪ್ಪು ಕರೆಂಟಿನದು, ಈಗಿನ ಕರೆಂಟಿಗೆ ಮೊದಲಿನ ಸತ್ವವಿಲ್ಲ ಎಂದು ತೀರ್ಪು ಕೊಟ್ಟು ಹೋದರು. ಮೇಲಿನ ಮನೆಯ ನರ್ಸಮ್ಮ ಡ್ಯೂಟಿ ಮುಗಿಸಿ ಬಂದವರು ಬಚ್ಚಲಲ್ಲಿ ಇಣುಕಿ, ತೊಂಬತ್ತೊಂಬತ್ತು ಎಂಬ ಅಂಕಿ ನೋಡಿ, ಇಂಥ ಕೇಸನ್ನು ನಾವಾದರೆ ದೊಡ್ಡಾಸ್ಪತ್ರೆಗೆ ಬರೆದುಕೊಡುತ್ತೇವೆ ಎಂದರು. ಹೋಗುವಾಗ ಐಸಿನ ಚೀಲವನ್ನೂ ಬಿಟ್ಟು ಹೋದರು. ಎಲ್ಲರಿಗೂ ನಮ್ಮವರು ತಾಪಮಾನದ ಪುಸ್ತಕ ತೋರಿಸಿ, ನಿಯಂತ್ರಣದಲ್ಲಿದೆ ಎಂದು ಹೇಳಿದರು. ಮಗಳು ಅಡುಗೆಮನೆಯ ಕಟ್ಟೆಯ ಮೇಲೆ ಕೂತು ಉಗುರು ಕಚ್ಚುತ್ತಿದ್ದಳು. ಹತ್ತು ವರ್ಷದ ಹಿಂದೆ ಬಿಡಿಸಿದ ಅಭ್ಯಾಸ ಅದು.

ಮಂಗಳವಾರ ಸಂಜೆ ಅವಳಿಗೆ ತಡೆಯಲಾಗಲಿಲ್ಲ.

"ಅಪ್ಪ, ಅಂಗಡಿಗೆ ಕೊಟ್ಬಿಡೋಣ. ನನಗೆ ಚಿತ್ರ ಬೇಕು ಅಷ್ಟೇ. ನಿಮಗೆ ಆಲೂಗಡ್ಡೆ ಗೊತ್ತಿರಬಹುದು, ಇದು ಗೊತ್ತಿಲ್ಲ."

ಇವರು ತಾಪಮಾನದ ಪುಸ್ತಕ ಮುಚ್ಚಿದರು. ಎದ್ದು ಹೋಗಿ ಕೈ ತೊಳೆಯತೊಡಗಿದರು. ಕೊಳೆಯಾಗದ ಕೈಯನ್ನು ಅಷ್ಟು ಹೊತ್ತು ತೊಳೆದವರನ್ನು ನಾನು ನೋಡಿರಲಿಲ್ಲ. ನಲ್ಲಿಯ ಸದ್ದು ನಿಲ್ಲದಿದ್ದಾಗ ಮಗಳು ಬಾಗಿಲ ಹತ್ತಿರ ಹೋಗಿ, ನಾಳೆ ಒಂದು ದಿನ ನೋಡೋಣ ಅಪ್ಪ ಎಂದಳು. ಇವರು ನಲ್ಲಿ ನಿಲ್ಲಿಸಿ, ಬೆನ್ನು ತಿರುಗಿಸಿಕೊಂಡೇ, ಹಾಗಾದರೆ ಕೊನೆಯದೊಂದು ಉಪಾಯ ಇದೆ ಎಂದರು. ಇವರ ಕೊನೆಯ ಉಪಾಯಗಳ ಪರಿಚಯ ನನಗೆ ಮೊದಲಿನಿಂದ ಇದೆ.

ಬುಧವಾರ ಬೆಳಿಗ್ಗೆ ನಾನು ಅರ್ಧ ದಿನ ರಜೆ ಹಾಕಿದೆ. ಮೂವರೂ ಆಟೋದಲ್ಲಿ ಕಂಪ್ಯೂಟರನ್ನು ಮಡಿಲಲ್ಲಿಟ್ಟುಕೊಂಡು ಕೋಲ್ಡ್ ಸ್ಟೋರೇಜಿಗೆ ಹೋದೆವು. ಗೇಟಿನ ಕಾವಲುಗಾರ ಕರ್ತವ್ಯನಿಷ್ಠ. ಚೀಟಿಯಿಲ್ಲದೆ ಒಳಗೆ ಒಂದು ಗೆಡ್ಡೆಯನ್ನೂ ಬಿಟ್ಟವನಲ್ಲ, ಸಾಹೇಬರ ಸಾಮಾನನ್ನೂ ಬಿಡಲಿಲ್ಲ. ಅವನ ಚೀಟಿಯಲ್ಲಿ ಇದ್ದ ಕಲಮುಗಳು ನಾಲ್ಕೇ, ನಾಲ್ಕನ್ನೂ ತುಂಬಿದ. ಮಾಲು: ಕಂಪ್ಯೂಟರ್. ಚೀಲ: ಒಂದು. ಮೊಳಕೆ ಬಂದಿದೆಯೇ: ಇಲ್ಲ. ಕೊಳೆತಿದೆಯೇ: ನೋಡಬೇಕು.

ಮೂರನೇ ಕೋಣೆ ನಾಲ್ಕು ಡಿಗ್ರಿಯದು. ಗೇಣು ದಪ್ಪದ ಬಾಗಿಲು, ಒಳಗೆ ಮಾಡಿನವರೆಗೆ ಮರದ ಅಟ್ಟಣಿಗೆ, ಅದರ ತುಂಬ ಚೀಲ, ಮಣ್ಣಿನ ವಾಸನೆ. ಹಮಾಲರು ಉದ್ದನೆಯ ವೈರು ಎಳೆದು ತಂದರು. ಅವರ ಮೇಸ್ತ್ರಿ ಎರಡು ಚೀಲ ಸಮ ಮಾಡಿ ಪೀಠ ಸಿದ್ಧಮಾಡಿದ. ಮೇಲಿನ ಕೊಳವೆಗಳಿಂದ ಆಗಾಗ ಹನಿ ಬೀಳುತ್ತಿದ್ದುದರಿಂದ ನಾನು ಕಂಪ್ಯೂಟರಿಗೆ ಕೊಡೆ ಹಿಡಿದು ನಿಂತೆ. ಮಗಳು ಎರಡು ಸ್ವೆಟರು ಹಾಕಿಕೊಂಡು ಗುಂಡಿ ಒತ್ತಿದಳು. ಎಲ್ಲರೂ ಉಸಿರು ಬಿಗಿಹಿಡಿದೆವು. ಬಿಟ್ಟ ಉಸಿರು ಹೊಗೆಯಾಗಿ ಕಾಣುತ್ತಿತ್ತು.

ಹನ್ನೊಂದು ನಿಮಿಷ ನಡೆಯಿತು. ಆರಿತು.

ಮತ್ತೆ ಹಚ್ಚಿದರು. ಅಷ್ಟರಲ್ಲಿ ಬಾಗಿಲು ತೆರೆದು ಇನ್ಸ್‌ಪೆಕ್ಟರು ಒಳಗೆ ಬಂದರು. ವರ್ಷಕ್ಕೊಮ್ಮೆ ಪರವಾನಗಿ ತಪಾಸಣೆಗೆ ಬರುವ ಅಧಿಕಾರಿ. ಹೇಳಿ ಬರುವುದು ಅವರ ಪದ್ಧತಿಯಲ್ಲ. ಬೆಂಕಿ ನಂದಿಸುವ ಬಕೆಟ್ಟಿನಿಂದ ಹಿಡಿದು ಇಲಿ ಬೋನಿನವರೆಗೆ ಏನೇನು ನೋಡಬೇಕೆಂಬ ಪಟ್ಟಿ ಅವರ ಕೈಯಲ್ಲಿತ್ತು. ಕೊಡೆ ಹಿಡಿದ ಹೆಂಗಸಿನ ಬಗ್ಗೆ ಅದರಲ್ಲಿ ಏನೂ ಇರಲಿಲ್ಲವೆಂದು ಕಾಣುತ್ತದೆ. ಅವರು ಬಹಳ ಹೊತ್ತು ನನ್ನನ್ನೇ ನೋಡಿದರು.

"ಈ ಪರವಾನಗಿ ತರಕಾರಿಗೆ, ಅಲ್ವಾ?" ಎಂದರು ಆಮೇಲೆ.

"ಹೌದು ಸರ್."

"ಹಾಗಾದ್ರೆ ಇದು?"

"ನನ್ನ ಮಗಳು ಸರ್," ಎಂದರು ನಮ್ಮವರು.

"ಅವರ ಪಕ್ಕದಲ್ಲಿರೋದು."

ಇವರು ಪರೀಕ್ಷೆ, ಚಿತ್ರ, ಶುಕ್ರವಾರ, ಕಲ್ಲು ನೆಲ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿ, ಕೊನೆಗೆ ತಾಪಮಾನದ ಪುಸ್ತಕ ಒಪ್ಪಿಸಿದರು. ಇನ್ಸ್‌ಪೆಕ್ಟರು ಅದನ್ನು ಗಂಭೀರವಾಗಿ ತಿರುವಿದರು. ಮೂರು ದಿನದ ದಾಖಲೆ, ಹೊಡೆದು ಹಾಕಿದ ಅಂಕಿ ಒಂದೂ ಇಲ್ಲ. ಅಧಿಕಾರಿಗಳಿಗೆ ಅಂಥದ್ದು ಕಂಡರೆ ಒಂದು ಬಗೆಯ ಮಮತೆ ಹುಟ್ಟುತ್ತದೆ. ಅವರು ಚೀಲಕ್ಕೆ ಚುಚ್ಚಿ ನೋಡುವ ಉದ್ದ ಮೂತಿಯ ಥರ್ಮಾಮೀಟರನ್ನು ಜೇಬಿನಿಂದ ತೆಗೆದು, ಅಭ್ಯಾಸಬಲದಿಂದಲೋ ಏನೋ, ಕೂಲರಿನ ರೆಕ್ಕೆಗಳ ನಡುವೆ ತೂರಿಸಿದರು.

"ಪರದೆ ಮೇಲೆ ಒಳಗೆ ತೊಂಬತ್ತೇಳು ಅಂತಿದೆ. ಇಲ್ಲಿ ಆರು ಡಿಗ್ರಿ. ಇಂಥದನ್ನ ನಾನು ಯಾವ ಕಲಮಿನಲ್ಲಿ ಬರೀಲಿ?"

ನಮ್ಮವರು ಕೆಲಸದ ಪ್ರಶ್ನೆಗೆ ಕೆಲಸದ ಉತ್ತರ ಕೊಡುವವರು. ಯೋಚಿಸದೆ ಹೇಳಿದರು: "ರಾಶಿ ಒಳಗೆ ಕಾವು, ಕೊಳವೆ ತಣ್ಣಗೆ ಅಂದ್ರೆ ಮಧ್ಯೆ ಏನೋ ಅಡ್ಡ ಇದೆ ಸರ್. ಯಾರೋ ಟಾರ್ಪಾಲು ತೆಗೆಯೋದು ಮರ್ತಿರ್ತಾರೆ."

ಹೇಳಿ ಮುಗಿಸಿದ ಮೇಲೆ ಅವರ ಬಾಯಿ ಮುಚ್ಚಲಿಲ್ಲ. ಅವರು ನನ್ನ ಕಡೆ ತಿರುಗಿದರು. ನನ್ನ ಕಣ್ಣ ಮುಂದೆ ಆ ಕೆಂಪಕ್ಷರಗಳು ಒಂದೊಂದಾಗಿ ಬಂದು ನಿಂತವು. ಕೈಯಲ್ಲಿದ್ದ ಕೊಡೆ ವಾಲಿ, ಒಂದು ಹನಿ ಇನ್ಸ್‌ಪೆಕ್ಟರ ಪಟ್ಟಿಯ ಮೇಲೆ ಬಿತ್ತು.

"ನಾನು ಓದಿದ್ದೆ. ಓದಿ ಸುಮ್ಮನಿದ್ದೆ," ಎಂದೆ.

"ಬಿಟ್ಟಿದ್ದು ನಾನು," ಎಂದರು ಅವರು.

ಮಗಳು ಇಬ್ಬರನ್ನೂ ನೋಡಿದಳು. ಹಾಳೆ ಕೀಳದ ಮನೆಯಲ್ಲೇ ಹುಟ್ಟಿ ಬೆಳೆದವಳು, ಹೆಚ್ಚು ವಿವರಿಸಬೇಕಾಗಲಿಲ್ಲ. ಮೂರು ದಿನ, ಬಚ್ಚಲ ಮನೆ, ಐಸಿನ ಚೀಲ, ಕಚ್ಚಿ ಮುಗಿಸಿದ ಹತ್ತು ಉಗುರು, ಎಲ್ಲ ಅವಳ ಮುಖದ ಮೇಲೆ ಹಾದುಹೋದವು. ಹಮಾಲರು ಒಬ್ಬೊಬ್ಬರಾಗಿ ತಮ್ಮ ತಮ್ಮ ಕಾಲು ನೋಡಿಕೊಂಡರು. ಇನ್ಸ್‌ಪೆಕ್ಟರೂ ನೋಡಿಕೊಂಡರು.

"ಅಂಗಡಿಯವರಿಗೇ ಕೊಡೋಣ ಪುಟ್ಟಿ," ಎಂದರು ಇವರು. ಅವರ ದನಿ ಅಷ್ಟು ಚಿಕ್ಕದಾದದ್ದನ್ನು ನಾನು ಕೇಳಿರಲಿಲ್ಲ. "ನಾಳೆ ಒಂದು ದಿನ ಇದೆಯಲ್ಲ. ನೀನು ಹೇಳಿದ್ದು ಸರಿ. ನನಗೆ ಇದು ಗೊತ್ತಿಲ್ಲ."

ಅವಳು ಚೀಲದ ಮೇಲಿದ್ದ ಸ್ಕ್ರೂಡ್ರೈವರನ್ನು ಎತ್ತಿಕೊಂಡಳು. ಸ್ವಲ್ಪ ಹೊತ್ತು ಅದನ್ನೇ ನೋಡಿದಳು. ಆಮೇಲೆ ಹಿಡಿಯನ್ನು ಅಪ್ಪನ ಕಡೆಗೆ ಮಾಡಿ ಚಾಚಿದಳು.

"ಮಧ್ಯೆ ಅಡ್ಡ ಇದೆ ಅಂತ ಕಂಡುಹಿಡಿದಿದ್ದು ಅಂಗಡಿಯವರಾ?"

ಇವರು ತಕ್ಷಣ ತೆಗೆದುಕೊಳ್ಳಲಿಲ್ಲ. ತೆಗೆದುಕೊಂಡ ಮೇಲೆ ಮಾತ್ರ ಮತ್ತೆ ಥಂಡಿ ಸಾಹೇಬರಾದರು. ಇಲ್ಲಿ ಬಿಚ್ಚಬಾರದು, ತಣ್ಣಗಿರುವ ಸಾಮಾನನ್ನು ಒಮ್ಮೆಗೇ ಹೊರಗೆ ಒಯ್ದರೆ ಬೆವರುತ್ತದೆ, ಆಲೂಗಡ್ಡೆಯೂ ಅಷ್ಟೇ, ಇದೂ ಅಷ್ಟೇ. ಮೊದಲು ನಡುಕೋಣೆಯಲ್ಲಿ ಒಂದು ಗಂಟೆ ಇಡಬೇಕು ಎಂದರು. ಮಗಳು ಅದನ್ನು ಯೋಚಿಸಿರಲಿಲ್ಲ. ಅವಳು ತಲೆಯಾಡಿಸಿದ ರೀತಿಯನ್ನು ನಾನು ಗಮನಿಸಿದೆ.

ಇನ್ಸ್‌ಪೆಕ್ಟರು ಹೊರಡುವ ಮುಂಚೆ ತಮ್ಮ ವರದಿಯನ್ನು ಓದಿ ಹೇಳಿದರು. ನಿಯಮದ ಪ್ರಕಾರ ಓದಿ ಹೇಳಬೇಕಂತೆ. ಮೂರನೇ ಕೋಣೆ: ಗಾಳಿಗೆ ಅಡ್ಡಿಯಿತ್ತು, ಮೇಲ್ವಿಚಾರಕರು ಸ್ವತಃ ಪತ್ತೆ ಹಚ್ಚಿದ್ದಾರೆ, ಒಂದು ಚೀಲವನ್ನು ಕೂಡಲೇ ಹೊರಗೆ ಸಾಗಿಸಲು ಸೂಚಿಸಲಾಗಿದೆ.

ಆಫೀಸಿನ ಮೇಜಿನ ಮೇಲೆ ಸ್ಕ್ರೂ ಬಿಚ್ಚಿದರು. ಹಾಳೆ ಅಲ್ಲೇ ಇತ್ತು, ಬಿಸಿಗೆ ಸ್ವಲ್ಪ ಮುದುರಿತ್ತು. ಪ್ರಥಮ ಚಿಕಿತ್ಸೆ ಪೆಟ್ಟಿಗೆಯ ಸ್ಪಿರಿಟ್ಟಿನಿಂದ ಹಳೆ ಪೇಸ್ಟು ಒರೆಸಿದರು. ಇನ್ನು ಕೀಳುವುದೊಂದೇ ಬಾಕಿ. ಇವರ ಉಗುರು ಹಾಳೆಯ ಮೂಲೆಯವರೆಗೆ ಹೋಗಿ ನಿಂತಿತು. ಐವತ್ತೊಂದು ವರ್ಷದ ಮನುಷ್ಯ, ಒಮ್ಮೆಯೂ ಮಾಡದ ಕೆಲಸ. ಮಗಳು ಅವಸರಪಡಿಸಲಿಲ್ಲ. ಉಗುರಿಲ್ಲದ ತನ್ನ ಬೆರಳನ್ನು ಅವರ ಬೆರಳಿನ ಪಕ್ಕ ಇಟ್ಟಳು, ಅಷ್ಟೇ. ಇಬ್ಬರೂ ಸೇರಿ ಎಳೆದರು. ಚರ್ರೆಂದು ಒಂದು ಸಣ್ಣ ಸದ್ದು. ಕೆಳಗಿದ್ದ ತಾಮ್ರ ಯಾವ ಕೈಯೂ ಮುಟ್ಟದ್ದು. ಅದರಲ್ಲಿ ಇಬ್ಬರ ಮೂಗೂ ಕಂಡಿತು.

"ಹೊಸದು," ಎಂದರು ಇವರು.

"ಹೂಂ ಅಪ್ಪ."

ಉಳಿದಿದ್ದ ಪೇಸ್ಟು ಸವರಿ, ಸ್ಕ್ರೂ ಬಿಗಿದು, ಹನ್ನೆರಡೂವರೆಗೆ ಹಚ್ಚಿದರು. ಅಂಕಿ ಅರವತ್ತೆರಡಕ್ಕೆ ಹೋಗಿ ಕೂತಿತು, ಮೇಲೇಳಲಿಲ್ಲ. ನಾನು ಉಳಿದರ್ಧ ದಿನಕ್ಕೂ ರಜೆ ಹೇಳಿ ಕಳಿಸಿದೆ. ಅರವತ್ತೆರಡನ್ನು ಯಾರಾದರೂ ಕಾಯಬೇಕಲ್ಲ. ಐದೂವರೆಗೆ ಚಿತ್ರ ಸಿದ್ಧವಾದಾಗ ಪಾಳಿ ಮುಗಿಸಿದ ಹಮಾಲರು ಸ್ವೆಟರು ಕಳಚಿ ಹೆಗಲ ಮೇಲೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. ಮಗಳು ಒಂದು ಕ್ಷಣ ಅಪ್ಪನ ಜೇಬಿನಲ್ಲಿದ್ದ ಕೆಂಪು ಪೆನ್ನಿನ ಕಡೆ ನೋಡಿದಳು. ಇವರು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಅವಳು ಎಲ್ಲರನ್ನೂ ಒಳಗೆ ಕರೆದಳು.

ಮೂರು ನಿಮಿಷ ಯಾರೂ ಕೆಮ್ಮಲಿಲ್ಲ. ಚಳಿಯಿಂದ ಹೊರಬಂದವನು ನೇರವಾಗಿ ಬಿಸಿಲಿಗೆ ಬೀಳದಂತೆ ಒಂದು ಓಣಿ, ಅದರಾಚೆ ಬೆಳಗಿನ ಬಿಸಿಲು ಹೀರಿ ಸಂಜೆಯವರೆಗೆ ಬೆಚ್ಚಗಿರುವ ಗೋಡೆ, ಗೋಡೆಗೆ ಬೆನ್ನು ಕೊಟ್ಟು ಕೂರಲು ಉದ್ದನೆಯ ಕಟ್ಟೆ. ಚಿತ್ರ ಮುಗಿಯಿತು. ಆಗ ಮೇಸ್ತ್ರಿ ಮುಂದೆ ಬಂದು ಪರದೆಯ ಹತ್ತಿರ ಬಗ್ಗಿದ.

"ಎಲ್ಲ ಚೆನ್ನಾಗಿದೆ ತಾಯಿ. ಸ್ವೆಟರು ನೇತು ಹಾಕೋಕೆ ಗೂಟ ಎಲ್ಲಿ?"

ಗೂಟವಿರಲಿಲ್ಲ. ನಾಲ್ಕು ವರ್ಷದ ಓದು, ಹದಿನಾಲ್ಕು ಕೆಂಪು ಗುರುತು, ಯಾವುದರಲ್ಲೂ ಗೂಟವಿರಲಿಲ್ಲ. ನಮ್ಮವರಿಗೂ ಅದು ಹೊಳೆದಿರಲಿಲ್ಲ. ಅವರ ಸ್ವೆಟರಿಗೆ ಆಫೀಸಿನಲ್ಲಿ ಕುರ್ಚಿಯಿದೆ. ಹಮಾಲರಲ್ಲಿ ಚರ್ಚೆ ಎದ್ದಿತು. ಒದ್ದೆ ಸ್ವೆಟರನ್ನು ಕಟ್ಟೆ ಮೇಲೆ ಇಟ್ಟರೆ ಕೂರುವುದೆಲ್ಲಿ ಎಂದು ಒಬ್ಬ, ಒಂದೇ ಗೂಟಕ್ಕೆ ಇಬ್ಬರದ್ದು ಹಾಕಿದರೆ ಆರುವುದಿಲ್ಲ ಎಂದು ಇನ್ನೊಬ್ಬ. ಇನ್ನೂ ಐದು ಗಂಟೆ ಕಂಪ್ಯೂಟರು ಓಡಬೇಕಾಗುತ್ತದೆ ಎಂದು ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿ ನಡುಗಿದೆ.

ಮಗಳು ತನ್ನ ಕೈಚೀಲದಿಂದ ಅಳತೆಯ ಟೇಪು ತೆಗೆದಳು.

"ಅಪ್ಪ, ಎಷ್ಟು ಗೂಟ ಬೇಕು?"

"ಇಪ್ಪತ್ತಾರು ಜನ," ಎಂದರು ಇವರು. "ಇಪ್ಪತ್ತೆಂಟು ಇಡು. ಹೊಸಬರು ಬರ್ತಾರೆ."

"ಎಷ್ಟು ಎತ್ತರಕ್ಕೆ?"

ಇವರು ಆಫೀಸಿನ ಗೋಡೆಯ ಹತ್ತಿರ ಹೋಗಿ, ಕೈ ಎತ್ತಿ, ಅಂಗೈಯನ್ನು ಗೋಡೆಗೆ ಒತ್ತಿ ತೋರಿಸಿದರು. ಮೇಸ್ತ್ರಿ ಕುಳ್ಳ. ಅವನು ಪಕ್ಕಕ್ಕೆ ಬಂದು ನಿಂತು, ಸಾಹೇಬರ ಮಣಿಕಟ್ಟು ಹಿಡಿದು, ನಾಲ್ಕು ಬೆರಳಿನಷ್ಟು ಕೆಳಗೆ ಇಳಿಸಿದ. ಇವರು ಮರುಮಾತಾಡದೆ ಇಳಿಸಿಕೊಂಡರು. ಮಗಳು ನೆಲದಿಂದ ಟೇಪು ಹಿಡಿದು, ಮಂಡಿಯೂರಿ, ನಿಧಾನವಾಗಿ ಎದ್ದು, ಅಳತೆ ಬರೆದುಕೊಂಡಳು.

"ಆಯ್ತು ಅಪ್ಪ, ಕೈ ಇಳಿಸಿ," ಎಂದಳು.

"ಇನ್ನೊಂದು ಸಲ ನೋಡ್ಕೋ," ಎಂದು ಅವರು ಹಾಗೆಯೇ ನಿಂತಿದ್ದರು.